ಗಂಟೆಗೆ ಚಿನ್ನ ಬೆರೆಸಿದರೆ ನಾದ ಹೆಚ್ಚುತ್ತದೆಯೇ? ಕಂಚು ದನಿ ಪಡೆಯುವುದು ಹೇಗೆ?

ದೇವಸ್ಥಾನದ ಗಂಟೆಯಲ್ಲಿ ಏಳು ಲೋಹಗಳಿರುತ್ತವೆ, ಅದರಲ್ಲಿ ಚಿನ್ನ ಬೆಳ್ಳಿ ಇರುವುದರಿಂದಲೇ ಅದು ಅಷ್ಟು ಹೊತ್ತು ಮೊಳಗುತ್ತದೆ, ಆ ನಾದ ಸರಿಯಾಗಿ ಏಳು ಸೆಕೆಂಡು ನಿಂತು ದೇಹದ ಏಳು ಚಕ್ರಗಳನ್ನು ತಟ್ಟುತ್ತದೆ. ಇಂಥ ಸಂದೇಶ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಒಮ್ಮೆಯಾದರೂ ಬಂದಿರಬೇಕು. ಕೆಳಗೆ ನಾಲ್ಕು ಕೈಮುಗಿಯುವ ಇಮೋಜಿ, ಜೊತೆಗೆ ‘ನಮ್ಮ ಹಿರಿಯರ ವಿಜ್ಞಾನ, ಹತ್ತು ಜನರಿಗೆ ಕಳಿಸಿ’ ಎಂಬ ಸಾಲು.

ಈ ಸಂದೇಶದ ಒಂದು ಮಾತು ನಿಜ. ಕಂಚಿನಲ್ಲಿ ನಾದ ಹೊರಡಿಸುವುದು ದೊಡ್ಡ ವಿಜ್ಞಾನ, ಮತ್ತು ಅದು ಬಹಳ ಹಳೆಯದು. ಆದರೆ ಆ ವಿಜ್ಞಾನ ಇರುವುದು ಚಿನ್ನದಲ್ಲಲ್ಲ. ತಾಮ್ರಕ್ಕೆ ಎಷ್ಟು ತವರ ಬೆರೆಸಿದರು, ಎರಕ ಹೊಯ್ದರೋ ಬಡಿದರೋ, ಬಿಸಿ ಲೋಹವನ್ನು ನಿಧಾನವಾಗಿ ಆರಿಸಿದರೋ ನೀರಿಗೆ ಅದ್ದಿದರೋ, ಕೊನೆಗೆ ಎಲ್ಲಿ ಎಷ್ಟು ಕೆರೆದರು ಎಂಬುದರಲ್ಲಿ ಅದು ಇದೆ. ದೇವಸ್ಥಾನಕ್ಕೆ ಗಂಟೆ ಮಾಡಿಸುವವರು, ಭಜನಾ ಮಂಡಳಿಗೆ ತಾಳ ಕೊಳ್ಳುವವರು, ಮನೆಗೆ ಜಾಗಟೆ ತರುವವರು ಇದನ್ನು ತಿಳಿದಿದ್ದರೆ ಮೋಸ ಹೋಗುವುದು ತಪ್ಪುತ್ತದೆ. ಹಾಗಾಗಿ ಇದನ್ನು ಸ್ವಲ್ಪ ವಿವರವಾಗಿಯೇ ನೋಡೋಣ.

ಮೊದಲು: ಕಂಚು ಎಂದರೇನು?

ತಾಮ್ರಕ್ಕೆ ತವರ ಬೆರೆಸಿದರೆ ಕಂಚು. ತಾಮ್ರಕ್ಕೆ ಸತು ಬೆರೆಸಿದರೆ ಹಿತ್ತಾಳೆ. ಅಂಗಡಿಯಲ್ಲಿ ಇವೆರಡನ್ನೂ ಪಕ್ಕಪಕ್ಕ ಇಟ್ಟಿರುತ್ತಾರೆ, ಹೆಸರನ್ನೂ ಅದಲುಬದಲು ಮಾಡಿ ಹೇಳುತ್ತಾರೆ. ಆದರೆ ದನಿಯ ವಿಷಯದಲ್ಲಿ ಇವೆರಡೂ ಒಂದೇ ಅಲ್ಲ. ಗಟ್ಟಿಯಾಗಿ, ಸ್ಪಷ್ಟವಾಗಿ ಹಾಡುವವರನ್ನು ‘ಕಂಚಿನ ಕಂಠ’ ಎಂದು ಹೊಗಳುತ್ತೇವೆ. ಹಿತ್ತಾಳೆ ಕಂಠ ಎಂದು ಯಾರೂ ಹೊಗಳುವುದಿಲ್ಲ. ಮಲೆ ಮಾದೇಶ್ವರನ ಗುಡ್ಡರು ನುಡಿಸುವ ಕಂಸಾಳೆಯ ಹೆಸರಿನಲ್ಲೂ ‘ಕಾಂಸ್ಯ’, ಅಂದರೆ ಕಂಚು ಇದೆ.

ಎಲ್ಲ ಕಂಚೂ ಒಂದೇ ಅಲ್ಲ. ತವರದ ಪಾಲು ಬದಲಾದಂತೆ ಲೋಹದ ಸ್ವಭಾವವೇ ಬದಲಾಗುತ್ತದೆ:

• ನೂರರಲ್ಲಿ 8 ಪಾಲು ತವರ: ಮೆದು, ತಣ್ಣಗಿದ್ದಾಗಲೂ ಹಾಳೆಯಂತೆ ಲಟ್ಟಿಸಬಹುದು.
• 20ರಿಂದ 23 ಪಾಲು ತವರ: ಗಂಟೆ, ಜಾಗಟೆ, ಉತ್ತಮ ತಾಳಗಳ ಲೋಹ. ಇದಕ್ಕೆ ಗಂಟೆಲೋಹ ಎಂದೂ ಹೆಸರು. ಗಟ್ಟಿ, ಆದರೆ ಬಿದ್ದರೆ ಒಡೆಯಬಹುದು.
• ಸುಮಾರು 33 ಪಾಲು ತವರ: ಗಾಜಿನಷ್ಟು ಪೆಡಸು. ಕೇರಳದ ಪ್ರಸಿದ್ಧ ಆರನ್ಮುಳ ಕನ್ನಡಿ ಇದರಿಂದಲೇ ಆಗುವುದು. ಉಜ್ಜಿದರೆ ಮುಖ ಕಾಣುತ್ತದೆ, ಬಡಿದರೆ ಚೂರಾಗುತ್ತದೆ.

ಎರಡೇ ಲೋಹ. ಪ್ರಮಾಣ ಬದಲಾದರೆ ಒಂದು ಕಡೆ ತಗಡು, ಒಂದು ಕಡೆ ಗಂಟೆ, ಇನ್ನೊಂದು ಕಡೆ ಕನ್ನಡಿ.

ತವರ ಸೇರಿಸಿದರೆ ನಾದ ಏಕೆ ಹೆಚ್ಚುತ್ತದೆ?

ಗಂಟೆಗೆ ಹೊಡೆದಾಗ ಅದರ ಗೋಡೆ ಕಣ್ಣಿಗೆ ಕಾಣದಷ್ಟು ಸಣ್ಣದಾಗಿ ಒಳಕ್ಕೂ ಹೊರಕ್ಕೂ ಬಾಗುತ್ತದೆ, ಸೆಕೆಂಡಿಗೆ ನೂರಾರು ಸಾವಿರಾರು ಸಲ. ಆ ಅಲುಗಾಟ ಗಾಳಿಯನ್ನು ತಳ್ಳುತ್ತದೆ, ಅದೇ ನಮಗೆ ನಾದ. ಪ್ರತಿ ಸಲ ಬಾಗಿದಾಗಲೂ ಶಕ್ತಿಯ ಒಂದು ಪಾಲು ಲೋಹದೊಳಗಿನ ಹರಳುಗಳ ಜಾರಾಟದಲ್ಲಿ ಬಿಸಿಯಾಗಿ ಕಳೆದುಹೋಗುತ್ತದೆ. ಇದನ್ನು ಒಳಘರ್ಷಣೆ ಎನ್ನಬಹುದು. ಒಳಘರ್ಷಣೆ ಹೆಚ್ಚಿದ್ದರೆ ‘ಠಕ್’ ಎಂದು ಸತ್ತುಹೋಗುತ್ತದೆ, ಕಡಿಮೆ ಇದ್ದರೆ ‘ಠಣ್‌’ ಎಂದು ಎಳೆದುಕೊಂಡು ಹೋಗುತ್ತದೆ.

ಬರಿ ತಾಮ್ರ ಮೆದು. ಅದರೊಳಗೆ ಜಾರಾಟ ಸುಲಭ, ಆದ್ದರಿಂದ ತಾಮ್ರದ ಗಂಟೆಯ ದನಿ ಮಂಕು. ತವರ ಸಾಕಷ್ಟು ಸೇರಿದಾಗ ಲೋಹದೊಳಗೆ ತಾಮ್ರ-ತವರ ಕೂಡಿದ ತುಂಬಾ ಗಟ್ಟಿಯಾದ ಹರಳುಗಳು ಹುಟ್ಟಿ ಆ ಜಾರಾಟವನ್ನು ತಡೆಯುತ್ತವೆ. ನಾದ ನಿಲ್ಲುತ್ತದೆ. ಆದರೆ ಅದೇ ಗಟ್ಟಿ ಹರಳುಗಳಿಂದ ಲೋಹ ಪೆಡಸಾಗುತ್ತದೆ. ಗಂಟೆ ಮಾಡುವವರ ಇಡೀ ಕಷ್ಟ ಇರುವುದು ಇಲ್ಲಿ. ಒಳ್ಳೆಯ ದನಿ ಬೇಕೆಂದರೆ ಒಡೆಯುವ ಅಪಾಯ, ಒಡೆಯಬಾರದೆಂದರೆ ದನಿ ಮಂಕು.

ಇದಕ್ಕೆ ಅಮೆರಿಕದ ಲಿಬರ್ಟಿ ಬೆಲ್‌ಗಿಂತ ಒಳ್ಳೆಯ ಉದಾಹರಣೆ ಸಿಗಲಿಕ್ಕಿಲ್ಲ. ಲಂಡನ್ನಿನಲ್ಲಿ ಎರಕ ಹೊಯ್ದ ಈ ಗಂಟೆ 1752ರಲ್ಲಿ ಫಿಲಡೆಲ್ಫಿಯಾಕ್ಕೆ ಬಂತು. ಪರೀಕ್ಷೆಗೆಂದು ಬಾರಿಸಿದಾಗಲೇ ಬಿರುಕು ಬಿಟ್ಟಿತು. ಪಾಸ್ ಮತ್ತು ಸ್ಟೋ ಎಂಬ ಸ್ಥಳೀಯ ಕುಶಲಕರ್ಮಿಗಳು ಅದನ್ನು ಕರಗಿಸಿ, ಪೆಡಸುತನ ಕಡಿಮೆಯಾಗಲೆಂದು ಹೆಚ್ಚುವರಿ ತಾಮ್ರ ಸೇರಿಸಿ ಮತ್ತೆ ಹೊಯ್ದರು. ಈ ಬಾರಿ ಗಂಟೆ ಒಡೆಯಲಿಲ್ಲ, ಆದರೆ ಅದರ ಸದ್ದು ಜನರಿಗೆ ಹಿಡಿಸಲಿಲ್ಲ. 1753ರಲ್ಲೇ ಮೂರನೆಯ ಸಲ ಹೊಯ್ಯಬೇಕಾಯಿತು. ಆ ಮೂರನೆಯ ಗಂಟೆಯೇ ಇಂದು ದೊಡ್ಡ ಬಿರುಕಿನೊಂದಿಗೆ ಪ್ರದರ್ಶನದಲ್ಲಿರುವುದು.

ಮೊದಲ ದಾರಿ: ಎರಕ

ಗಂಟೆಯನ್ನು ಎರಕ ಹೊಯ್ಯುತ್ತಾರೆ. ಒಳಗೊಂದು ಅಚ್ಚು, ಹೊರಗೊಂದು ಅಚ್ಚು, ನಡುವಿನ ಖಾಲಿ ಜಾಗಕ್ಕೆ ಸುಮಾರು 1,100 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದ ದ್ರವಲೋಹ. ಆ ಖಾಲಿ ಜಾಗದ ಆಕಾರವೇ ಗಂಟೆಯ ದನಿಯ ನಕ್ಷೆ. ಬಾಯಿಯ ಅಂಚು ಎಷ್ಟು ದಪ್ಪ, ಸೊಂಟ ಎಷ್ಟು ತೆಳು, ಎತ್ತರ ಎಷ್ಟು ಎಂಬುದೆಲ್ಲ ಲೋಹ ಹೊಯ್ಯುವ ಮೊದಲೇ ತೀರ್ಮಾನವಾಗಿರಬೇಕು.

ಎರಕದಲ್ಲಿ ದನಿ ಕೆಡುವ ದಾರಿಗಳು ಹಲವು. ಅಚ್ಚಿನಲ್ಲಿ ತೇವ ಉಳಿದಿದ್ದರೆ ಆವಿಯಾಗಿ ಲೋಹದೊಳಗೆ ಗುಳ್ಳೆ ಮಾಡುತ್ತದೆ. ಲೋಹ ಗಾಳಿ ಹೀರಿಕೊಂಡಿದ್ದರೆ ಆರುವಾಗ ಸಣ್ಣ ರಂಧ್ರಗಳು ಉಳಿಯುತ್ತವೆ. ಮೇಲೆ ಪಾಲಿಶ್ ಮಾಡಿದರೆ ಇವು ಕಾಣುವುದಿಲ್ಲ, ಆದರೆ ಕಿವಿಗೆ ಗೊತ್ತಾಗುತ್ತದೆ, ನಾದ ಬೇಗ ಮುಗಿಯುತ್ತದೆ. ಸೀಸ ಬೆರೆತರೂ ಹೀಗೆಯೇ. ಸೀಸ ತಾಮ್ರದಲ್ಲಿ ಕರಗುವುದಿಲ್ಲ, ಮೆತ್ತಗಿನ ಸಣ್ಣ ಗುಂಡುಗಳಾಗಿ ಅಲ್ಲಲ್ಲಿ ಕೂರುತ್ತದೆ. ಎರಕ ಸುಲಭವಾಗಿ ಹರಿಯಲಿ ಎಂದು ಸ್ವಲ್ಪ ಸೀಸ ಹಾಕುವುದುಂಟು, ಹೆಚ್ಚಾದರೆ ಆ ಮೆತ್ತನೆಯ ಗುಂಡುಗಳು ಅಲುಗಾಟವನ್ನು ನುಂಗಿಹಾಕುತ್ತವೆ.

ದೊಡ್ಡ ಗಂಟೆಯನ್ನು ಅಚ್ಚಿನೊಳಗೇ ನಿಧಾನವಾಗಿ ಆರಲು ಬಿಡುತ್ತಾರೆ. ದಪ್ಪ ಭಾಗ ಮತ್ತು ತೆಳು ಭಾಗ ಬೇರೆಬೇರೆ ವೇಗದಲ್ಲಿ ಆರಿದರೆ ಒಳಗೆ ಎಳೆತ ಉಳಿದು, ಮುಂದೊಂದು ದಿನ ಬಿರುಕಾಗುತ್ತದೆ.

ಗಾತ್ರದ ಲೆಕ್ಕವೂ ಕುತೂಹಲಕರ. ಒಂದು ಗಂಟೆಯ ಎಲ್ಲ ಅಳತೆಗಳನ್ನೂ ಎರಡರಷ್ಟು ಮಾಡಿದರೆ ಅದರ ಕಂಪನ ಅರ್ಧಕ್ಕೆ ಇಳಿಯುತ್ತದೆ, ಅಂದರೆ ದನಿ ಒಂದು ಸ್ಥಾಯಿ ಕೆಳಗೆ ಬರುತ್ತದೆ. ಆದರೆ ತೂಕ ಎಂಟು ಪಟ್ಟಾಗುತ್ತದೆ. ಗಂಭೀರ ದನಿಯ ಗಂಟೆಗಳು ಅಷ್ಟು ಭಾರ, ಅಷ್ಟು ದುಬಾರಿ ಆಗಿರುವುದು ಇದಕ್ಕೇ.

ಆಕಾರದಿಂದ ಏನೆಲ್ಲ ಮಾಡಬಹುದು ಎಂಬುದಕ್ಕೆ ಚೀನಾದ ಒಂದು ಸಾಕ್ಷಿ ಇದೆ. 1978ರಲ್ಲಿ ಹುಬೆ ಪ್ರಾಂತ್ಯದಲ್ಲಿ ಅರಸ ಯಿಯ ಸಮಾಧಿಯನ್ನು ಅಗೆದಾಗ 65 ಕಂಚಿನ ಗಂಟೆಗಳ ಸಾಲು ಸಿಕ್ಕಿತು. ಕ್ರಿಸ್ತಪೂರ್ವ 433ರ ಕಾಲದ್ದು. ಈ ಗಂಟೆಗಳ ಬಾಯಿ ದುಂಡಗಿಲ್ಲ, ಬಾದಾಮಿಯಂತೆ ಚಪ್ಪಟೆ. ಹಾಗಾಗಿ ನಡುವೆ ಹೊಡೆದರೆ ಒಂದು ಸ್ವರ, ಪಕ್ಕಕ್ಕೆ ಹೊಡೆದರೆ ಇನ್ನೊಂದು ಸ್ವರ. ಒಂದೇ ಗಂಟೆಯಲ್ಲಿ ಎರಡು ಸ್ವರ, ಅದೂ ಬರಿ ಅಚ್ಚಿನ ಆಕಾರದಿಂದ.

ಎರಕದ ನಂತರವೂ ಕೆಲಸ ಮುಗಿಯುವುದಿಲ್ಲ. ಒಂದು ಗಂಟೆ ಒಂದೇ ಸ್ವರ ಹಾಡುವುದಿಲ್ಲ, ಹಲವು ಸ್ವರಗಳನ್ನು ಒಟ್ಟಿಗೆ ಹೊರಡಿಸುತ್ತದೆ. ಅವು ಪರಸ್ಪರ ಹೊಂದದಿದ್ದರೆ ಕಿವಿಗೆ ಕರ್ಕಶ. ಯುರೋಪಿನ ಕಾರ್ಖಾನೆಗಳಲ್ಲಿ ಗಂಟೆಯನ್ನು ತಲೆಕೆಳಗಾಗಿ ಲೇತ್ ಮೇಲೆ ಕೂರಿಸಿ, ಒಳಮೈಯನ್ನು ಬೇರೆಬೇರೆ ಎತ್ತರದಲ್ಲಿ ಸ್ವಲ್ಪ ಸ್ವಲ್ಪವೇ ಕೆರೆದು ಐದು ಮುಖ್ಯ ಸ್ವರಗಳನ್ನು ಹೊಂದಿಸುತ್ತಾರೆ. ಕೆರೆದರೆ ಗೋಡೆ ತೆಳುವಾಗಿ ಸ್ವರ ಇಳಿಯುತ್ತದೆ. ಹೆಚ್ಚು ಕೆರೆದುಬಿಟ್ಟರೆ ವಾಪಸು ಏರಿಸುವುದು ಬಹಳ ಕಷ್ಟ.

ಎರಡನೆಯ ದಾರಿ: ಬೆಂಕಿ, ಸುತ್ತಿಗೆ, ನೀರು

ಗಂಟೆಯ ಗೋಡೆ ದಪ್ಪ. ಆದರೆ ಜಾಗಟೆಯಂಥ ವಾದ್ಯ ತೆಳುವಾಗಿರಬೇಕು, ಮೇಲಾಗಿ ದಿನವೂ ಜೋರಾಗಿ ಹೊಡೆಸಿಕೊಳ್ಳಬೇಕು. ಗಂಟೆಲೋಹವನ್ನು ಅಷ್ಟು ತೆಳುವಾಗಿ ಎರಕ ಹೊಯ್ದರೆ ಮೊದಲ ಏಟಿಗೇ ಒಡೆಯಬಹುದು. ತಣ್ಣಗಿರುವಾಗ ಬಡಿದು ತೆಳುಮಾಡೋಣ ಎಂದರೆ ಅದೂ ಚೂರಾಗುತ್ತದೆ. ಹಾಗಾದರೆ ದಾರಿ ಯಾವುದು?

ಏಷ್ಯಾದ ಕಂಚುಗಾರರು ಕಂಡುಕೊಂಡ ಉತ್ತರ ಬೆರಗು ಹುಟ್ಟಿಸುತ್ತದೆ. ಗಂಟೆಲೋಹವನ್ನು ಸುಮಾರು 600ರಿಂದ 750 ಡಿಗ್ರಿಯವರೆಗೆ ಕೆಂಪಗೆ ಕಾಯಿಸಿದರೆ ಅದರೊಳಗಿನ ಪೆಡಸು ಹರಳುಗಳು ಮಾಯವಾಗಿ ಬೇರೊಂದು ಬಗೆಯ, ಬಗ್ಗುವ ಹರಳುಗಳಾಗುತ್ತವೆ. ಆಗ ಸುತ್ತಿಗೆಯಿಂದ ಬಡಿದರೆ ಒಡೆಯುವುದಿಲ್ಲ. ಬಣ್ಣ ಕಂದುತ್ತಿದ್ದಂತೆ ಬಡಿಯುವುದನ್ನು ನಿಲ್ಲಿಸಿ ಮತ್ತೆ ಕಾಯಿಸಬೇಕು. ಹೀಗೆ ಹತ್ತಾರು ಸಲ ಕಾಯಿಸಿ ಬಡಿದು ದಪ್ಪ ಬಿಲ್ಲೆಯನ್ನು ತೆಳ್ಳಗೆ ಹರಡುತ್ತಾರೆ.

ಕೊನೆಯ ಹೆಜ್ಜೆ ಇನ್ನೂ ಮುಖ್ಯ. ಕೆಂಪಗಿರುವಾಗಲೇ ಅದನ್ನು ನೀರಿಗೆ ಅದ್ದುತ್ತಾರೆ. ನಿಧಾನವಾಗಿ ಆರಲು ಬಿಟ್ಟರೆ ಸುಮಾರು 520 ಡಿಗ್ರಿಯ ಹತ್ತಿರ ಪೆಡಸು ಹರಳುಗಳು ಮತ್ತೆ ಹುಟ್ಟುತ್ತವೆ. ನೀರಿಗೆ ಅದ್ದಿದರೆ ಅವಕ್ಕೆ ಹುಟ್ಟಲು ಸಮಯವೇ ಸಿಗುವುದಿಲ್ಲ. ವಾದ್ಯ ಗಟ್ಟಿಮುಟ್ಟಾಗಿ ಉಳಿಯುತ್ತದೆ.

ಕಮ್ಮಾರರ ಕುಲುಮೆ ನೋಡಿದವರಿಗೆ ಇದು ತಿರುಗುಮುರುಗಾಗಿ ಕಾಣಬಹುದು. ಮಚ್ಚು, ಕುಡುಗೋಲಿನ ಉಕ್ಕನ್ನು ಕಾಯಿಸಿ ನೀರಿಗೆ ಅದ್ದಿದರೆ ಅದು ಗಟ್ಟಿಯಾಗಿ ಪೆಡಸಾಗುತ್ತದೆ. ಗಂಟೆಲೋಹ ಮಾತ್ರ ಅದ್ದಿದರೆ ಪೆಡಸು ಕಳೆದುಕೊಳ್ಳುತ್ತದೆ. ಚೀನಾದ ಜಾಗಟೆಗಳನ್ನು ನಕಲು ಮಾಡಲು ಹೋಗಿ ಯುರೋಪಿನವರು ಬಹಳ ಕಾಲ ಸೋತದ್ದು ಇದು ಗೊತ್ತಿಲ್ಲದೆ. ಲೋಹದ ಪ್ರಮಾಣ ಸರಿಯಾಗಿಯೇ ಇತ್ತು, ವಾದ್ಯ ಮಾತ್ರ ಒಡೆಯುತ್ತಿತ್ತು. 19ನೇ ಶತಮಾನದ ಆರಂಭದಲ್ಲಿ ಫ್ರಾನ್ಸಿನ ರಸಾಯನ ವಿಜ್ಞಾನಿ ದಾರ್ಸೆ ಈ ನೀರಿನ ಗುಟ್ಟನ್ನು ಪ್ರಯೋಗಗಳಿಂದ ತೋರಿಸಿಕೊಟ್ಟರು.

ಆದರೆ ನೀರು ಎಲ್ಲ ಕಂಚಿಗೂ ಗೆಳೆಯನಲ್ಲ. ಮಾಸ್ಕೋದ ಕ್ರೆಮ್ಲಿನ್‌ನಲ್ಲಿರುವ ‘ತ್ಸಾರ್ ಗಂಟೆ’ 1735ರಲ್ಲಿ ಎರಕವಾಯಿತು, ತೂಕ ಸುಮಾರು 200 ಟನ್. 1737ರಲ್ಲಿ ಅಲ್ಲಿ ಬೆಂಕಿ ಬಿದ್ದು, ಕಾದುಹೋಗಿದ್ದ ಗಂಟೆಯ ಮೇಲೆ ನೀರು ಸುರಿದಾಗ ಅದು ಬಿರುಕು ಬಿಟ್ಟು 11 ಟನ್ನಿಗೂ ಹೆಚ್ಚು ತೂಕದ ಒಂದು ತುಂಡೇ ಕಳಚಿಕೊಂಡಿತು. ಆ ಗಂಟೆ ಒಂದು ದಿನವೂ ಮೊಳಗಿಲ್ಲ. ತೆಳು ಜಾಗಟೆ ನೀರಿನಲ್ಲಿ ಎಲ್ಲ ಕಡೆಯೂ ಒಟ್ಟಿಗೆ ಆರುತ್ತದೆ. ಅಷ್ಟು ದಪ್ಪದ ಗಂಟೆಯ ಮೇಲ್ಮೈ ಕುಗ್ಗುವಾಗ ಒಳಭಾಗ ಇನ್ನೂ ಬಿಸಿಯಾಗಿಯೇ ಇರುತ್ತದೆ, ಆ ಎಳೆದಾಟದಲ್ಲಿ ಒಡೆಯುತ್ತದೆ. ಅದೇ ಲೋಹ, ಅದೇ ನೀರು, ಫಲ ಮಾತ್ರ ಬೇರೆ.

ಈ ವಿದ್ಯೆ ನಮ್ಮ ಹತ್ತಿರವೂ ಇದೆ

ಕಾಯಿಸಿ, ಬಡಿದು, ನೀರಿಗೆ ಅದ್ದುವ ಈ ವಿದ್ಯೆ ದಕ್ಷಿಣ ಭಾರತದಲ್ಲಿ ಬಹಳ ಹಿಂದೆಯೇ ಇತ್ತು. ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯ ಪ್ರಾಧ್ಯಾಪಕಿ ಶಾರದಾ ಶ್ರೀನಿವಾಸನ್ ಇದನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದ್ದಾರೆ. ಅವರು ಭರತನಾಟ್ಯ ಕಲಾವಿದೆಯೂ ಹೌದು, 2019ರಲ್ಲಿ ಪದ್ಮಶ್ರೀ ಪಡೆದವರು. ನೀಲಗಿರಿಯ ಕಬ್ಬಿಣಯುಗದ ಸಮಾಧಿಗಳಲ್ಲಿ ಮತ್ತು ತಮಿಳುನಾಡಿನ ಆದಿಚನಲ್ಲೂರಿನಲ್ಲಿ ಸಿಕ್ಕ ತೆಳು ಕಂಚಿನ ಪಾತ್ರೆಗಳನ್ನು ಅವರು ಪರೀಕ್ಷಿಸಿದಾಗ, ತವರ ಹೆಚ್ಚಿರುವ ಕಂಚನ್ನು ಬಿಸಿಯಲ್ಲಿ ಬಡಿದು ನೀರಿಗೆ ಅದ್ದಿದ ಗುರುತುಗಳು ಲೋಹದ ಹರಳುಗಳಲ್ಲೇ ಕಂಡವು. ಅದೇ ಬಗೆಯ ಕೆಲಸ ಕೇರಳದ ಪಯಂಗಾಡಿಯಲ್ಲಿ ನಮ್ಮ ಕಾಲದವರೆಗೂ ಉಳಿದುಬಂದಿದ್ದನ್ನೂ ಅವರು ದಾಖಲಿಸಿದ್ದಾರೆ.

ಅಸ್ಸಾಮಿನ ಸರ್ಥೆಬಾರಿ ಕಂಚಿನ ಕೆಲಸಕ್ಕೆ ಹೆಸರಾದ ಊರು. ಅಲ್ಲಿ ಪಾತ್ರೆಗಳ ಜೊತೆ ‘ಭೋರ್ತಾಲ್’ ಎಂಬ ದೊಡ್ಡ ತಾಳಗಳನ್ನೂ ಮಾಡುತ್ತಾರೆ. ಕೊರಿಯಾದಲ್ಲಿ 78 ಪಾಲು ತಾಮ್ರ, 22 ಪಾಲು ತವರದ ಕಂಚನ್ನು ಬಡಿದು ಪಾತ್ರೆ ಮತ್ತು ಜಾಗಟೆ ಮಾಡುವ ‘ಬಾಂಗ್‌ಜ್ಜಾ’ ಪದ್ಧತಿ ಇದೆ. ಇಂಡೋನೇಷ್ಯಾದ ಬಾಲಿಯಲ್ಲಿ ತಿಹಿಂಗನ್ ಎಂಬ ಹಳ್ಳಿ ಗ್ಯಾಮೆಲಾನ್ ಮೇಳದ ಜಾಗಟೆಗಳಿಗೆ ಪ್ರಸಿದ್ಧ. ಗ್ಯಾಮೆಲಾನ್ 2021ರಲ್ಲಿ ಯುನೆಸ್ಕೋದ ಪರಂಪರೆ ಪಟ್ಟಿಗೆ ಸೇರಿತು. ಈ ಯಾವ ಊರಿನ ದನಿಯ ಗುಟ್ಟಿನಲ್ಲೂ ಚಿನ್ನಕ್ಕೆ ಜಾಗವಿಲ್ಲ.

ಮೂರನೆಯ ದಾರಿ: ತಣ್ಣನೆಯ ಸುತ್ತಿಗೆ ಮತ್ತು ಲೇತ್

ನೀರಿನಿಂದ ಹೊರಬಂದ ವಾದ್ಯಕ್ಕೆ ಇನ್ನೂ ಸ್ವರ ಬಂದಿರುವುದಿಲ್ಲ. ಅದು ಬರುವುದು ತಣ್ಣಗಾದ ಮೇಲೆ ಬೀಳುವ ಸಣ್ಣ ಏಟುಗಳಿಂದ. ಒಂದೊಂದು ಏಟೂ ಆ ಜಾಗದ ಲೋಹವನ್ನು ಸ್ವಲ್ಪ ಗಟ್ಟಿಮಾಡುತ್ತದೆ, ಸುತ್ತಲಿನ ಲೋಹವನ್ನು ತಳ್ಳಿ ಒಳಗೊಂದು ಬಿಗಿತ ಉಂಟುಮಾಡುತ್ತದೆ, ಆಕಾರವನ್ನೂ ಕೂದಲೆಳೆಯಷ್ಟು ಬದಲಿಸುತ್ತದೆ. ಮೃದಂಗದ ಚರ್ಮವನ್ನು ಬಿಗಿದರೆ ಶ್ರುತಿ ಬದಲಾಗುವುದನ್ನು ನೆನೆಸಿಕೊಳ್ಳಿ. ಇಲ್ಲಿ ಚರ್ಮದ ಬದಲು ಲೋಹ, ಬಾರಿನ ಬದಲು ಸುತ್ತಿಗೆಯ ಏಟು.

ಡ್ರಮ್ ಸೆಟ್ಟಿನಲ್ಲಿ ಕಾಣುವ ಸಿಂಬಲ್‌ಗಳಲ್ಲಿ ಇದು ಸ್ಪಷ್ಟವಾಗಿ ಕೇಳಿಸುತ್ತದೆ. ಇವುಗಳ ಪ್ರಸಿದ್ಧ ತಯಾರಕರಾದ ಜಿಲ್ಜಿಯನ್ ಕುಟುಂಬದ ಕಥೆ ಶುರುವಾಗುವುದು 17ನೇ ಶತಮಾನದ ಇಸ್ತಾಂಬುಲ್‌ನಲ್ಲಿ. ಕಂಪನಿಯ ಹುಟ್ಟಿದ ವರ್ಷ 1623. ಆ ಹೆಸರಿನ ಅರ್ಥವೇ ತಾಳ ಮಾಡುವವರ ಮನೆತನ ಎಂದು. 1929ರಲ್ಲಿ ಕೆಲಸ ಅಮೆರಿಕದಲ್ಲಿ ಶುರುವಾಯಿತು. ಅವರ ಲೋಹ 80 ಪಾಲು ತಾಮ್ರ, 20 ಪಾಲು ತವರ. ಎರಕದ ಬಿಲ್ಲೆಯನ್ನು ಮತ್ತೆ ಮತ್ತೆ ಕಾಯಿಸಿ ಲಟ್ಟಿಸಿ, ನೀರಿಗೆ ಅದ್ದಿ, ಸುತ್ತಿಗೆಯಿಂದ ಬಡಿದು, ಕೊನೆಗೆ ಲೇತ್‌ನಲ್ಲಿ ಕೆರೆಯುತ್ತಾರೆ.

ಸಿಂಬಲ್ ತಯಾರಿಯ ಒಂದೊಂದು ಹೆಜ್ಜೆಯೂ ದನಿಯಲ್ಲಿ ಹೀಗೆ ಕೇಳಿಸುತ್ತದೆ:

• ದಪ್ಪ: ಒಂದೇ ಅಗಲದ ಎರಡು ತಟ್ಟೆಗಳಲ್ಲಿ ದಪ್ಪಗಿನದಕ್ಕೆ ಏರುದನಿ, ತೆಳುವಿಗೆ ಇಳಿದನಿ. ದಪ್ಪ ಎರಡರಷ್ಟಾದರೆ ಕಂಪನವೂ ಹೆಚ್ಚುಕಡಿಮೆ ಎರಡರಷ್ಟು.
• ಸುತ್ತಿಗೆ: ಯಂತ್ರದಿಂದ ಸಮನಾಗಿ ಬಿದ್ದ ಏಟುಗಳಿದ್ದರೆ ದನಿ ಒಂದೇ ಹದ. ಕೈಯಿಂದ ಅಲ್ಲಿಷ್ಟು ಇಲ್ಲಿಷ್ಟು ಬಡಿದಿದ್ದರೆ ಹಲವು ಸ್ವರ ಬೆರೆತ, ಸ್ವಲ್ಪ ಗಡಸು ದನಿ.
• ಲೇತ್: ಮೇಲ್ಮೈ ಕೆರೆದು ಗೆರೆ ಎಳೆದರೆ ತಟ್ಟೆ ತೆಳುವಾಗಿ ದನಿ ಬೇಗ ಅರಳುತ್ತದೆ. ಕೆರೆಯದೆ ಬಿಟ್ಟರೆ ದನಿ ಒಣಒಣ, ಬೇಗ ಮುಗಿಯುತ್ತದೆ.

ಕಡಿಮೆ ಬೆಲೆಯ ಸಿಂಬಲ್‌ಗಳನ್ನು ಹೆಚ್ಚಾಗಿ 8 ಪಾಲು ತವರದ ಹಾಳೆಯಿಂದ ಕತ್ತರಿಸುತ್ತಾರೆ. ಹಾಗೆಂದು ಆ ಲೋಹವೇ ಕೀಳು ಎನ್ನುವಂತಿಲ್ಲ. ಸ್ವಿಟ್ಜರ್ಲೆಂಡಿನ ಪೈಸ್ಟೆ ಕಂಪನಿಯ ಹೆಸರಾಂತ ‘2002’ ಸರಣಿಯೂ 8 ಪಾಲು ತವರದ್ದೇ. ಲೋಹ ಎಷ್ಟು ಮುಖ್ಯವೋ ಕೈಕೆಲಸವೂ ಅಷ್ಟೇ ಮುಖ್ಯ.

ಆಕಾರದ ಇನ್ನೊಂದು ಚಮತ್ಕಾರ ಚೀನೀ ಒಪೆರಾದಲ್ಲಿದೆ. ಅಲ್ಲಿನ ದೊಡ್ಡ ಜಾಗಟೆಗೆ ಹೊಡೆದರೆ ಸ್ವರ ಮೇಲಿನಿಂದ ಕೆಳಕ್ಕೆ ಜಾರುತ್ತದೆ, ಚಿಕ್ಕದಕ್ಕೆ ಹೊಡೆದರೆ ಕೆಳಗಿನಿಂದ ಮೇಲಕ್ಕೆ ಏರುತ್ತದೆ. ನಡುಭಾಗ ಎಷ್ಟು ಉಬ್ಬಿದೆ, ಎಷ್ಟು ಚಪ್ಪಟೆ ಇದೆ ಎಂಬ ಸಣ್ಣ ವ್ಯತ್ಯಾಸವೇ ಇದಕ್ಕೆ ಕಾರಣ.

‘ಅಲೆಅಲೆಯಾಗಿ’ ಕೇಳುವುದು ಏಕೆ?

ದೊಡ್ಡ ಗಂಟೆಯ ನಾದ ಒಮ್ಮೆ ಹೆಚ್ಚಿ ಒಮ್ಮೆ ತಗ್ಗಿ ಉಸಿರಾಡಿದಂತೆ ಕೇಳುವುದನ್ನು ಗಮನಿಸಿದ್ದೀರಾ? ಬಹಳ ಹತ್ತಿರದ ಎರಡು ಸ್ವರಗಳು ಒಟ್ಟಿಗೆ ಮೊಳಗಿದರೆ ಹೀಗಾಗುತ್ತದೆ. ಯಾವ ಗಂಟೆಯೂ ನೂರಕ್ಕೆ ನೂರು ದುಂಡಗಿರುವುದಿಲ್ಲ, ಒಂದು ಪಕ್ಕ ಕೂದಲೆಳೆಯಷ್ಟು ದಪ್ಪ ಇದ್ದರೂ ಸಾಕು, ಒಂದು ಸ್ವರ ಎರಡಾಗಿ ಸೀಳುತ್ತದೆ. ಬಾಲಿಯವರು ಇದನ್ನು ಬೇಕೆಂದೇ ಮಾಡುತ್ತಾರೆ. ವಾದ್ಯಗಳನ್ನು ಜೋಡಿಯಾಗಿ ಮಾಡಿ, ಒಂದನ್ನು ಇನ್ನೊಂದಕ್ಕಿಂತ ಒಂದಿಷ್ಟು ಮೇಲೆ ಶ್ರುತಿಗೊಳಿಸುತ್ತಾರೆ. ಆ ಅಲೆ ಇಲ್ಲದಿದ್ದರೆ ಅವರಿಗೆ ದನಿಗೆ ಜೀವವೇ ಇಲ್ಲ.

ಕೊರಿಯಾದ ಗ್ಯೋಂಗ್ಜುವಿನಲ್ಲಿ ಕ್ರಿಸ್ತಶಕ 771ರಲ್ಲಿ ಎರಕವಾದ, ಸುಮಾರು 19 ಟನ್ ತೂಕದ ರಾಜ ಸೊಂಗ್‌ಡೊಕ್ ಗಂಟೆ ಈ ಅಲೆಗಳಿಗೆ ಜಗತ್ಪ್ರಸಿದ್ಧ. ಅದರ 64 ಹರ್ಟ್ಸ್ ಸುಮಾರಿನ ಸ್ವರ ಮೂರು ಸೆಕೆಂಡಿಗೊಮ್ಮೆ ಏರಿಳಿಯುತ್ತದೆ. ಅದರ ಬಗ್ಗೆ ಒಂದು ಕರುಣೆಯ ಕಥೆಯೂ ಇದೆ. ಗಂಟೆ ಮೊಳಗದೆ ಹೋದಾಗ ಕರಗಿದ ಲೋಹಕ್ಕೆ ಒಂದು ಮಗುವನ್ನು ಬಲಿಕೊಟ್ಟರು, ಅದಕ್ಕೇ ಅದರ ದನಿ ತಾಯಿಯನ್ನು ಕರೆದಂತೆ ಕೇಳುತ್ತದೆ ಎಂದು. ‘ಕೆರೆಗೆ ಹಾರ’ ಕೇಳಿ ಬೆಳೆದ ನಮಗೆ ಇಂಥ ಕಥೆ ಹೊಸದಲ್ಲ. ಆದರೆ ಗಂಟೆಯ ಲೋಹವನ್ನು ಪರೀಕ್ಷಿಸಿದಾಗ ಮೂಳೆಯಲ್ಲಿರುವ ರಂಜಕದ ಸುಳಿವು ಸಿಗಲಿಲ್ಲ. ಆ ಅಳುವಿನಂಥ ಅಲೆಗೆ ಕಾರಣ ಗಂಟೆಯ ಗೋಡೆಯ ಸಣ್ಣ ಅಸಮತೆ.

ಈಗ ಸಂದೇಶಕ್ಕೆ ಬರೋಣ

ಹೇಳಿಕೆ: ಚಿನ್ನ, ಬೆಳ್ಳಿ ಬೆರೆಸಿದರೆ ನಾದ ಹೆಚ್ಚುತ್ತದೆ.
ವಾಸ್ತವ: ಇಲ್ಲ. 50 ಕಿಲೋ ಗಂಟೆಗೆ 10 ಗ್ರಾಂ ಚಿನ್ನ ಹಾಕಿದರೆ ಅದು ನೂರರಲ್ಲಿ 0.02 ಪಾಲು. ದನಿಗೆ ಅದು ಲೆಕ್ಕಕ್ಕೇ ಇಲ್ಲ. ಹೆಚ್ಚು ಹಾಕಿದರೂ ಲಾಭವಿಲ್ಲ, ಚಿನ್ನ ಬೆಳ್ಳಿ ಎರಡೂ ಮೆದು ಲೋಹಗಳು. ಯುರೋಪಿನಲ್ಲೂ ಎರಕದ ಮೂಸೆಗೆ ಬೆಳ್ಳಿ ನಾಣ್ಯ ಹಾಕಿದರೆ ದನಿ ಇಂಪಾಗುತ್ತದೆ ಎಂಬ ನಂಬಿಕೆ ಇತ್ತು, ಅದಕ್ಕೂ ಆಧಾರವಿಲ್ಲ. ಭಕ್ತಿಯಿಂದ ಉಂಗುರವೊಂದನ್ನು ಅರ್ಪಿಸುವುದು ಅವರವರ ನಂಬಿಕೆ. ದನಿಗಾಗಿ ಎಂದು ಯಾರಾದರೂ ಚಿನ್ನ ಕೇಳಿದರೆ ಎಚ್ಚರವಾಗಿರಿ.

ಹೇಳಿಕೆ: ನಾದ ಸರಿಯಾಗಿ ಏಳು ಸೆಕೆಂಡು ನಿಲ್ಲುತ್ತದೆ.
ವಾಸ್ತವ: ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದು ಗಾತ್ರ, ಲೋಹ, ಎರಕದ ಗುಣ, ಎಷ್ಟು ಜೋರಾಗಿ ಹೊಡೆದಿರಿ, ಹೇಗೆ ತೂಗುಹಾಕಿದ್ದೀರಿ, ಸುತ್ತ ಎಷ್ಟು ಗದ್ದಲ ಎಂಬುದರ ಮೇಲಿದೆ. ಕೈಗಂಟೆ ಎರಡು ಮೂರು ಸೆಕೆಂಡಿಗೆ ಮುಗಿಯಬಹುದು, ದೊಡ್ಡ ಗಂಟೆ ಒಂದು ನಿಮಿಷ ದಾಟಬಹುದು. ಮೊಬೈಲಿನ ಸ್ಟಾಪ್‌ವಾಚ್ ಹಿಡಿದು ಎರಡು ಬೇರೆ ಗುಡಿಗಳಲ್ಲಿ ಅಳೆದು ನೋಡಿ, ಇದು ನಿಮಗೇ ಗೊತ್ತಾಗುತ್ತದೆ. ಚಕ್ರಗಳ ಮಾತು ನಂಬಿಕೆಯ ವಿಷಯ, ಅಳೆದು ತೋರಿಸಿದ ವಿಷಯವಲ್ಲ.

ಹೇಳಿಕೆ: ಗಂಟೆಯ ಶಬ್ದದಿಂದ ರೋಗಾಣುಗಳು ಸಾಯುತ್ತವೆ.
ವಾಸ್ತವ: ತಾಮ್ರ ಹೆಚ್ಚಿರುವ ಲೋಹದ ಮೇಲ್ಮೈಗೆ ಅಂಟಿದ ಹಲವು ಬ್ಯಾಕ್ಟೀರಿಯಾಗಳು ಕೆಲ ಗಂಟೆಗಳಲ್ಲಿ ಸಾಯುವುದು ನಿಜ. ಅದು ಲೋಹ ತಾಗಿದ್ದರಿಂದ. ನಾವು ಕೇಳುವ ಗಂಟೆಯ ಸದ್ದಿಗೆ ಆ ಶಕ್ತಿ ಇಲ್ಲ.

ಮೋಸ ಇರುವುದು ತವರದಲ್ಲಿ

ತವರ ತಾಮ್ರಕ್ಕಿಂತ ದುಬಾರಿ. ಸತು ಅಗ್ಗ. ಹಾಗಾಗಿ ತವರ ಕಡಿಮೆ ಮಾಡಿ ಸತು, ಸೀಸ ಸೇರಿಸಿದರೆ ಮಾರುವವರಿಗೆ ಉಳಿತಾಯ. 50 ಕಿಲೋ ಗಂಟೆಯಲ್ಲಿ ತವರ 22ರಿಂದ 18 ಪಾಲಿಗೆ ಇಳಿದರೆ ಎರಡು ಕಿಲೋ ತವರ ಉಳಿಯುತ್ತದೆ. ಕೊಳ್ಳುವವರು ‘ಚಿನ್ನ ಎಷ್ಟು ಹಾಕಿದ್ದೀರಿ’ ಎಂದು ಕೇಳುತ್ತಾರೆ, ‘ತವರ ಎಷ್ಟು ಹಾಕಿದ್ದೀರಿ’ ಎಂದು ಕೇಳುವುದಿಲ್ಲ. ಫಾರ್ವರ್ಡ್ ಸಂದೇಶದಿಂದ ಆಗುವ ನಿಜವಾದ ನಷ್ಟ ಇದು.

ಹಿತ್ತಾಳೆ ಗಂಟೆ ಕೊಳ್ಳುವುದು ತಪ್ಪಲ್ಲ, ಪೂಜೆಯ ಕೈಗಂಟೆಗಳಲ್ಲಿ ಹಲವು ಹಿತ್ತಾಳೆಯವೇ. ಕಂಚಿನ ಬೆಲೆ ಕೊಟ್ಟು ಹಿತ್ತಾಳೆ ತರಬಾರದು, ಅಷ್ಟೇ. ಕೊಳ್ಳುವಾಗ ಇವನ್ನು ಮಾಡಿ:

• ತಾಮ್ರ, ತವರ, ಸತು, ಸೀಸ ಎಷ್ಟೆಷ್ಟು ಎಂದು ಕೇಳಿ, ಬಿಲ್ಲಿನಲ್ಲಿ ಬರೆಸಿಕೊಳ್ಳಿ.
• ದೊಡ್ಡ ಗಂಟೆಯಾದರೆ ಲೋಹ ಪರೀಕ್ಷೆ ಮಾಡಿಸಿ. ಆಭರಣದ ಶುದ್ಧತೆ ನೋಡುವ ಎಕ್ಸ್‌ಆರ್‌ಎಫ್ ಬಗೆಯ ಯಂತ್ರ ಲೋಹವನ್ನು ಕೊರೆಯದೆಯೇ ಪ್ರಮಾಣ ಹೇಳುತ್ತದೆ. ಅದು ಮೇಲ್ಮೈಯನ್ನು ಮಾತ್ರ ನೋಡುವುದರಿಂದ ಲೇಪನವಿಲ್ಲದ ಜಾಗದಲ್ಲಿ ಹಿಡಿಸಿ.
• ದಾರ ಕಟ್ಟಿ ತೂಗುಬಿಟ್ಟು, ಮರದ ಕೋಲಿನಿಂದ ಮೆಲ್ಲಗೆ ಹೊಡೆದು ಕೇಳಿ. ಕೈಯಲ್ಲಿ ಹಿಡಿದು ಬಾರಿಸಿದರೆ ನಿಮ್ಮ ಬೆರಳೇ ನಾದವನ್ನು ನುಂಗುತ್ತದೆ.
• ಸುತ್ತಲೂ ಬೇರೆಬೇರೆ ಜಾಗದಲ್ಲಿ ಹೊಡೆಯಿರಿ. ಎಲ್ಲಾದರೂ ‘ಝರ್’ ಎಂಬ ಒಡಕು ಸದ್ದು ಬಂದರೆ ಬಿರುಕಿರಬಹುದು.
• ಬಣ್ಣ ನೋಡಿ ನಿರ್ಧರಿಸಬೇಡಿ. ಹಿತ್ತಾಳೆ ಹೆಚ್ಚು ಹಳದಿ, ತವರ ಹೆಚ್ಚಿದ ಕಂಚು ಬಿಳಿಚು ಎಂಬುದು ನಿಜ. ಆದರೆ ಪಾಲಿಶ್ ಮತ್ತು ಲೇಪನ ಎರಡನ್ನೂ ಮರೆಮಾಡುತ್ತವೆ.

ಗಂಟೆ ಬಿರುಕು ಬಿಟ್ಟರೆ ಬಾರಿಸುವುದನ್ನು ಕೂಡಲೇ ನಿಲ್ಲಿಸಿ. ಹತ್ತಿರದ ವೆಲ್ಡಿಂಗ್ ಅಂಗಡಿಗೆ ಒಯ್ಯಬೇಡಿ. ಒಂದೇ ಜಾಗ ಕಾದರೆ ಎಳೆತ ಹೆಚ್ಚಿ ಬಿರುಕು ಇನ್ನೂ ಓಡುತ್ತದೆ. ಇಡೀ ಗಂಟೆಯನ್ನು ಕಾಯಿಸಿ ಬೆಸೆಯುವ ಪರಿಣತ ಕೆಲಸಗಾರರು ಬೇಕು, ಇಲ್ಲವೇ ಕರಗಿಸಿ ಮತ್ತೆ ಎರಕ ಹೊಯ್ಯಬೇಕು. ಹಳೆಯ ಜಾಗಟೆಯನ್ನು ಒಲೆಯ ಮೇಲೆ ಕಾಯಿಸಿ ‘ಶುದ್ಧ’ ಮಾಡುವುದೂ ಬೇಡ. ಸುತ್ತಿಗೆ ಕೊಟ್ಟ ಬಿಗಿತ ಸಡಿಲಗೊಂಡರೆ ಆ ದನಿ ಮರಳಿ ಬರುವುದಿಲ್ಲ.

ಒಟ್ಟಿನಲ್ಲಿ ಹೇಳುವುದಾದರೆ

ಕಂಚಿನ ನಾದಕ್ಕೆ ಬೇಕಾದದ್ದು ತಾಮ್ರ, ಸಾಕಷ್ಟು ತವರ, ಸರಿಯಾದ ಆಕಾರ, ಬೆಂಕಿಯ ಬಣ್ಣ ನೋಡಿಯೇ ಹದ ಹೇಳುವ ಕಣ್ಣು, ಎಲ್ಲಿ ಇನ್ನೊಂದು ಏಟು ಬೇಕು ಎಂದು ತಿಳಿಯುವ ಕಿವಿ. ಕುಲುಮೆಯ ಬಿಸಿಯಲ್ಲಿ, ಕಿವಿ ಗಡಚಿಕ್ಕುವ ಸದ್ದಿನಲ್ಲಿ ದಿನವಿಡೀ ಕೂತು ಈ ಕೆಲಸ ಕಲಿತವರು ಕಂಚುಗಾರರು. ಶ್ರೇಯಸ್ಸನ್ನು ಹತ್ತು ಗ್ರಾಂ ಚಿನ್ನಕ್ಕೆ ಕೊಟ್ಟಾಗ ಅದು ಅವರ ಕೈಯಿಂದ ತಪ್ಪಿಹೋಗುತ್ತದೆ. ಹಿರಿಯರ ವಿಜ್ಞಾನ ಎಂದು ನಾವು ಹೆಮ್ಮೆಪಡಬೇಕಾದದ್ದು ನೀಲಗಿರಿಯ ಆ ತೆಳು ಬಟ್ಟಲುಗಳ ಬಗ್ಗೆ. ಮುಂದಿನ ಸಲ ಏಳು ಲೋಹದ ಸಂದೇಶ ಬಂದರೆ, ಕಳಿಸಿದವರಿಗೆ ಒಂದೇ ಪ್ರಶ್ನೆ ಕೇಳಿ: ಅದರಲ್ಲಿ ತವರ ಎಷ್ಟು?